ಎತ್ತು ಒಂದೇ, ಕೊನೆಯ ಅಕ್ಷರ ಬೇರೆ

ಪ್ರಶ್ನೆ: ಎತ್ತಿಗೆ ಟರ್ಕಿಶ್‌ನಲ್ಲಿ ‘ಒಕುಝ್’, ಹಂಗೇರಿಯನ್‌ನಲ್ಲಿ ‘ಒಕೊರ್’. ಸೇಬಿಗೆ ‘ಎಲ್ಮಾ’, ‘ಅಲ್ಮ’. ಹಾಗಿದ್ದೂ ಹಂಗೇರಿಯನ್ ಫಿನ್ನಿಶ್‌ನ ಬಳಗ ಎನ್ನುವುದು ಹೇಗೆ?
– ಓದುಗರು, ಧಾರವಾಡ

ಉತ್ತರ: ಎತ್ತು, ಸೇಬು ಕೊಟ್ಟು ತೆಗೆದುಕೊಳ್ಳುವ ವಸ್ತುಗಳು, ಅವುಗಳ ಜೊತೆ ಹೆಸರೂ ಬರುತ್ತದೆ. ನಂಟು ನೋಡಬೇಕಾದರೆ ಕೈ, ನೀರು, ಮೀನು, ಅಂಕಿಗಳನ್ನು ನೋಡಿ. ಹಂಗೇರಿಯನ್ ‘ಕೇಝ್’, ‘ವೀಝ್’, ‘ಹಲ್’, ‘ಹಾರೊಮ್’ (ಮೂರು). ಫಿನ್ನಿಶ್ ‘ಕ್ಯಾಸಿ’, ‘ವೆಸಿ’, ‘ಕಲ’, ‘ಕೊಲ್ಮೆ’. ಟರ್ಕಿಶ್‌ನ ‘ಎಲ್’, ‘ಸು’, ‘ಬಾಲಿಕ್’, ‘ಉಚ್’ ಹತ್ತಿರಕ್ಕೂ ಬರುವುದಿಲ್ಲ.

ಹಾಗಾದರೆ ಎತ್ತನ್ನು ಕೊಟ್ಟವರು ಯಾರು? ಇಸ್ತಾಂಬುಲ್‌ನ ತುರ್ಕರಂತೂ ಅಲ್ಲ. ಕೊನೆಯ ‘ರ’ ನೋಡಿ. ಅವಳಿಗೆ ಟರ್ಕಿಶ್‌ನಲ್ಲಿ ‘ಇಕಿಝ್’, ಹಂಗೇರಿಯನ್‌ನಲ್ಲಿ ‘ಇಕೆರ್’. ಕಡಲಿಗೆ ‘ದೆನಿಝ್’, ‘ತೆಂಗೆರ್’. ತುರ್ಕಿ ಬಳಗದಲ್ಲಿ ಹೀಗೆ ‘ಝ’ ಇರಬೇಕಾದಲ್ಲಿ ‘ರ’ ಇರುವ ಭಾಷೆ ಇಂದು ಒಂದೇ ಉಳಿದಿದೆ: ವೋಲ್ಗಾ ದಡದ ಚುವಾಶ್. ಅಲ್ಲಿ ಎತ್ತು ‘ವಕರ್’, ಅವಳಿ ‘ಯೆಕೆರ್’. ಸುಮಾರು 895ರಲ್ಲಿ ಇಂದಿನ ನಾಡಿಗೆ ಬರುವ ಮೊದಲು, ಹುಲ್ಲುಗಾವಲಿನಲ್ಲಿದ್ದಾಗಲೇ ಹಂಗೇರಿಯನ್ನರು ಆ ಕವಲಿನ ಜನರಿಂದ ಈ ಪದಗಳನ್ನು ಪಡೆದರು. ಹಂಗೇರಿಯ ಭಾಷಾಶಾಸ್ತ್ರಜ್ಞ ಜೊಲ್ತಾನ್ ಗೊಂಬೊತ್ಸ್ 1912ರಲ್ಲಿ ಇವನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಮೂಲದಲ್ಲಿ ಇದ್ದದ್ದು ‘ರ’ವೋ ‘ಝ’ವೋ ಎಂಬ ಜಗಳ ಬೇರೆ, ಸಾಲ ಪತ್ತೆಹಚ್ಚಲು ಅದು ಬೇಕಿಲ್ಲ.

ಎಡವುವುದು ಎರಡು ಕಡೆ. ‘ಅಲ್ಮ’ದಲ್ಲಿ ‘ರ’–‘ಝ’ ವ್ಯತ್ಯಾಸವೇ ಬರುವುದಿಲ್ಲ, ಆದ್ದರಿಂದ ಅದೊಂದರಿಂದ ಕವಲು ಗೊತ್ತಾಗದು. ಚುವಾಶ್‌ನ ಕಡಲಂತೂ ‘ತಿನೆಸ್’! ಅದು ಆಮೇಲೆ ನೆರೆಯ ತಾತಾರ್‌ನಿಂದ ಬಂದ ರೂಪ. ಹಂಗೇರಿಯನ್ನೇ ಹಳೆಯ ‘ರ’ ಉಳಿಸಿಕೊಂಡಿದೆ.

ಕಾಲ ತಿಳಿಯಲು ಇನ್ನೊಂದು ದಾರಿಯಿದೆ. ‘ಕಲ’–‘ಹಲ್’ನಲ್ಲಿ ಕಂಡಂತೆ ಹಂಗೇರಿಯನ್‌ನಲ್ಲಿ ಪದದ ಮೊದಲ ‘ಕ’ ಹಿಂಸ್ವರದ (ನಾಲಿಗೆಯ ಹಿಂಭಾಗದಲ್ಲಿ ಹುಟ್ಟುವ ‘ಅ’, ‘ಒ’, ‘ಉ’ಗಳಂಥ ಸ್ವರದ) ಮುಂದೆ ‘ಹ’ ಆಯಿತು. ತುರ್ಕಿಯಿಂದ ಬಂದ ‘ಕಪು’ (ಬಾಗಿಲು) ‘ಹಪು’ ಆಗಲಿಲ್ಲ, ಅಂದರೆ ಆ ಬದಲಾವಣೆ ಮುಗಿದ ಮೇಲೆ ಬಂದದ್ದು. ನಮ್ಮಲ್ಲಿ ಪ್ರಾಕೃತದ ಮೂಲಕ ಮೊದಲೇ ಬಂದ ‘ಪೊತ್ತಗೆ’ ಹೊತ್ತಗೆಯಾಯಿತು, ‘ಪುಸ್ತಕ’ ಹಾಗೇ ಉಳಿಯಿತಲ್ಲ, ಅದೇ ಲೆಕ್ಕ. ‘ಹೊಮೊಕ್’ (ಮರಳು, ತುರ್ಕಿ ‘ಕುಮ್’) ಮಾತ್ರ ತಕರಾರಿನದು: ಇನ್ನೂ ಹಳೆಯ ಸಾಲವೂ ಇರಬಹುದು, ಕೊಟ್ಟವರ ಬಾಯಲ್ಲೇ ‘ಖ’ ಇದ್ದಿರಲೂಬಹುದು.

ಪ್ರಶ್ನೆ: ಹಂಗೇರಿಯನ್ ‘ಝೆಬ್’ ನಮ್ಮ ಜೇಬೇ?
– ಓದುಗರು, ತುಮಕೂರು

ಉತ್ತರ: ಹೌದು, ಅದೇ. ಅರಬ್ಬಿಯ ‘ಜೈಬ್’ ಪಾರಸಿಯ ಜೊತೆ ಇಲ್ಲಿಗೆ ಬಂತು, ಆಟೊಮನ್ ತುರ್ಕರ ಜೊತೆ ಅಲ್ಲಿಗೆ ಹೋಯಿತು. ಹಂಗೇರಿಯ ಬುಡಾ ನಗರ 1541ರಿಂದ 1686ರವರೆಗೆ ಅವರ ಕೈಲಿತ್ತು. ಮೆಟ್ಟಿನ ‘ಪಪುಚ್’ ಕೂಡ ಆ ಕಾಲದ ಸಾಲದ ಪದರದ್ದೇ. ಪಾರಸಿಯ ‘ಪಾಪೋಶ್’ ಅದರ ಮೂಲ, ನಮ್ಮ ಹಳೆಯ ‘ಪಾಪಾಸು’ವಿನದೂ ಅದೇ. ಈ ಪದರಕ್ಕೆ ಮೇಲಿನ ‘ರ’ ಸೂತ್ರ ಹಚ್ಚಬೇಡಿ. ಆಟೊಮನ್ನರದು ‘ಝ’ ಕವಲು.