ಗಾಲ್ಫ್ ಪ್ರಶ್ನೋತ್ತರ: ಮೊದಲು ಟೀ ಟೈಮ್, ಆಮೇಲೆ ವಿಮಾನದ ಟಿಕೆಟ್

ಪ್ರಶ್ನೆ: ನಾವು ನಾಲ್ವರು ಗೆಳೆಯರು. ಜೀವನದಲ್ಲಿ ಒಮ್ಮೆಯಾದರೂ ಜಗತ್ತಿನ ಹೆಸರಾಂತ ಗಾಲ್ಫ್ ಮೈದಾನಗಳಲ್ಲಿ ಆಡಬೇಕೆಂಬ ಆಸೆ. ಯಾವ ದೊಡ್ಡ ಕ್ಲಬ್ಬಿನ ಸದಸ್ಯತ್ವವೂ ಇಲ್ಲ. ಎಲ್ಲಿಂದ ಶುರು ಮಾಡುವುದು?

ಉತ್ತರ: ಅಗಸ್ಟಾ ನ್ಯಾಷನಲ್, ಪೈನ್ ವ್ಯಾಲಿ, ಸೈಪ್ರೆಸ್ ಪಾಯಿಂಟ್, ಈ ಮೂರನ್ನು ಪಟ್ಟಿಯಿಂದ ಈಗಲೇ ಹೊಡೆದುಹಾಕಿ. ಸದಸ್ಯರು ಕರೆಯದೆ ಅಲ್ಲಿ ಕಾಲಿಡುವಂತಿಲ್ಲ. ಉಳಿದವುಗಳಲ್ಲಿ ‘ಸಾರ್ವಜನಿಕ’ ಎಂಬ ಒಂದೇ ಹಣೆಪಟ್ಟಿಯಡಿ ಮೂರು ಬೇರೆ ಬೇರೆ ಜಾತಿಗಳಿವೆ. ಇದು ಗೊತ್ತಿಲ್ಲದೆ ಹೊರಟವರೇ ಹೆಚ್ಚು ಎಡವುವುದು.

ಮೊದಲನೆಯವು ನಿಜಕ್ಕೂ ಜನರ ಆಸ್ತಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಅನ್ನು ಒಂದು ಟ್ರಸ್ಟ್ ನೋಡಿಕೊಳ್ಳುತ್ತದೆ, ನ್ಯೂಯಾರ್ಕಿನ ಬೆತ್‌ಪೇಜ್ ಬ್ಲ್ಯಾಕ್ ಇರುವುದು ರಾಜ್ಯ ಸರ್ಕಾರದ ಉದ್ಯಾನದಲ್ಲಿ, ಟೋರಿ ಪೈನ್ಸ್ ಸ್ಯಾನ್ ಡಿಯಾಗೋ ನಗರಾಡಳಿತದ್ದು. ಎರಡನೆಯವು ಅಮೆರಿಕದ ರೆಸಾರ್ಟುಗಳು: ಪೆಬಲ್ ಬೀಚ್, ಪೈನ್‌ಹರ್ಸ್ಟ್, ಬ್ಯಾಂಡನ್ ಡ್ಯೂನ್ಸ್. ಹಣ ಕೊಟ್ಟವರಿಗೆಲ್ಲ ಬಾಗಿಲು ತೆರೆದಿದೆ ಎನ್ನುತ್ತಾರೆ, ಆದರೆ ಅಲ್ಲೇ ತಂಗುವವರಿಗೇ ಮೊದಲ ಮಣೆ. ಮೂರನೆಯವು ಬ್ರಿಟನ್, ಐರ್ಲೆಂಡಿನ ಖಾಸಗಿ ಕ್ಲಬ್ಬುಗಳು. ರಾಯಲ್ ಡಾರ್ನಕ್‌ನಂಥವು ಸದಸ್ಯರ ಸಮಯ ಬಿಟ್ಟು ಉಳಿದ ಹೊತ್ತಿನಲ್ಲಿ ಹೊರಗಿನವರನ್ನೂ ಆಡಿಸುತ್ತವೆ.

ಒಂದು ಪ್ರವಾಸಕ್ಕೆ ‘ಸಿಗುವುದು ಕಷ್ಟ’ ಎನ್ನುವ ಒಂದೇ ಮೈದಾನವನ್ನು ಆರಿಸಿ. ಸುತ್ತಲಿನ ಉಳಿದವು ಸುಲಭವಾಗಿ ಸಿಗುವಂಥವಿರಲಿ. ಎರಡು ಕಠಿಣ ಟೀ ಟೈಮ್‌ಗಳನ್ನು (ಆಟ ಶುರುಮಾಡಲು ಕಾದಿರಿಸುವ ಹೊತ್ತು) ಒಂದೇ ವಾರಕ್ಕೆ ಹೊಂದಿಸಲು ಹೋದರೆ ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗುತ್ತದೆ.

ಪ್ರಶ್ನೆ: ಓಲ್ಡ್ ಕೋರ್ಸಿಗೆ ಲಾಟರಿಯಂತೆ. ನಿಜವೇ? ಸಿಗದಿದ್ದರೆ ಅಷ್ಟು ದೂರ ಹೋದದ್ದು ವ್ಯರ್ಥವಲ್ಲವೇ?

ಉತ್ತರ: ಲಾಟರಿ ನಿಜ, ಅಲ್ಲಿ ಅದನ್ನು ಬ್ಯಾಲಟ್ ಎನ್ನುತ್ತಾರೆ. ಆಡುವ ದಿನಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ 2ರೊಳಗೆ ಹೆಸರು ಕೊಡಬೇಕು, ಅಂದೇ ಸಂಜೆಯೊಳಗೆ ಫಲಿತಾಂಶ ಬರುತ್ತದೆ. ಗುಂಪಿನಲ್ಲಿ ಕನಿಷ್ಠ ಇಬ್ಬರು, ಗರಿಷ್ಠ ನಾಲ್ವರು. ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ಹೇಳುವ ಅಂಕಿ, ಕಡಿಮೆಯಿದ್ದಷ್ಟೂ ಆಟ ಮೇಲು) ಪುರಾವೆ ಜೇಬಿನಲ್ಲಿರಲಿ. ಭಾನುವಾರ ಮೈದಾನಕ್ಕೆ ರಜೆ. ಅಂದು ಊರಿನ ಜನ ನಾಯಿ ಹಿಡಿದು ಅದೇ ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ಹಾದಿ) ಮೇಲೆ ವಾಯುವಿಹಾರ ಮಾಡುತ್ತಾರೆ. ನೀವೂ ಹೋಗಿ ಅಲ್ಲಿನ ಹೆಸರಾಂತ ಕಲ್ಲಿನ ಸ್ವಿಲ್ಕನ್ ಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಬಹುದು, ಬಿಡಿಗಾಸು ಖರ್ಚಿಲ್ಲ.

ಇಲ್ಲಿ ಲೆಕ್ಕ ಸರಳ. ಊರಿನಲ್ಲಿ ಎರಡೇ ರಾತ್ರಿ ಇದ್ದರೆ ಒಂದೋ ಎರಡೋ ಚೀಟಿ, ಐದು ರಾತ್ರಿ ಇದ್ದರೆ ನಾಲ್ಕೈದು. ಆದ್ದರಿಂದ ಸ್ಕಾಟ್ಲೆಂಡ್ ಸುತ್ತುತ್ತಾ ನಡುವೆ ಒಂದು ದಿನ ಸೇಂಟ್ ಆಂಡ್ರೂಸ್ ಎಂದು ಇಟ್ಟುಕೊಳ್ಳಬೇಡಿ, ಅಲ್ಲೇ ಬೀಡುಬಿಡಿ. ದಿನಾ ಚೀಟಿ ಹಾಕುತ್ತಾ, 1895ರ ನ್ಯೂ ಕೋರ್ಸ್, ಜುಬಿಲಿ, ಬಂಡೆಯಂಚಿನ ಕ್ಯಾಸಲ್ ಕೋರ್ಸ್ ಆಡಿ. ಮೂರೂ ಅದೇ ಟ್ರಸ್ಟಿನವು, ಮೊದಲೇ ಕಾದಿರಿಸಬಹುದು. ಇನ್ನೊಂದು ಹೆಸರಾಂತ ಮೈದಾನ ಕಾರ್ನೂಸ್ಟಿ ರಸ್ತೆಯಲ್ಲಿ ಸುಮಾರು 40 ಕಿ.ಮೀ. ನ್ಯೂ ಕೋರ್ಸೇ ಹೆಚ್ಚು ಹಿಡಿಸಿತು ಎನ್ನುವವರೂ ಇದ್ದಾರೆ, ಆ ಮಾತು ಸಮಾಧಾನಕ್ಕಾಗಿ ಹೇಳಿದ್ದಲ್ಲ. ನಾಲ್ವರೂ ಒಟ್ಟಿಗೇ ಆಡಬೇಕೆಂಬ ಹಟವಿಲ್ಲದಿದ್ದರೆ ಒಂಟಿ ಆಟಗಾರರಿಗೆಂದೇ ಇರುವ ಡ್ರಾ ಇದೆ. ಖಾಲಿ ಉಳಿದ ಜಾಗಗಳಿಗೆ ಅದರಲ್ಲಿ ಒಬ್ಬೊಬ್ಬರನ್ನು ಸೇರಿಸುತ್ತಾರೆ.

ಸಿಕ್ಕಿತೆಂದರೆ ಎರಡು ಸಂಗತಿ ನೆನಪಿಡಿ. ಸಂಶಯ ಬಂದಾಗ ಎಡಕ್ಕೆ ಹೊಡೆಯಿರಿ. ತೊಂದರೆ ಹೆಚ್ಚಾಗಿ ಬಲಗಡೆ ಇದೆ. ಇನ್ನು ಗ್ರೀನು, ಅಂದರೆ ಬಾವುಟ ನೆಟ್ಟ ಕುಳಿಯ ಸುತ್ತಲಿನ ನುಣುಪು ಹುಲ್ಲು. ಏಳು ಗ್ರೀನುಗಳನ್ನು ಎರಡೆರಡು ಹೋಲುಗಳು (ಒಂದು ಸುತ್ತಿನ 18 ಹಂತಗಳು) ಹಂಚಿಕೊಂಡಿವೆ. ಜೊತೆಯಾದ ಹೋಲ್‌ಗಳ ಸಂಖ್ಯೆ ಕೂಡಿದರೆ ಯಾವಾಗಲೂ 18: 5ಕ್ಕೆ 13, 7ಕ್ಕೆ 11. ಬೇರೆಯವರ ಬಾವುಟದ ಬಳಿ ಚೆಂಡು ಇಳಿಸಿ, ‘ಗ್ರೀನ್ ಸಿಕ್ಕಿತು’ ಎಂದು ಹಿಗ್ಗಿ, ಆಮೇಲೆ 30 ಮೀಟರ್ ಪಟ್ (ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಹೊಡೆಯುವುದು ಅಲ್ಲಿ ಮಾಮೂಲು. 7 ಮತ್ತು 11ನೇ ಹೋಲ್‌ಗಳ ದಾರಿ ಒಂದನ್ನೊಂದು ಅಡ್ಡ ಹಾಯುತ್ತದೆ, ಅಲ್ಲಿ ತಲೆ ಎತ್ತಿ ನೋಡಿ ನಡೆಯಿರಿ.

ಪ್ರಶ್ನೆ: ಪೆಬಲ್ ಬೀಚ್ ಶುಲ್ಕ ಕೇಳಿ ಎದೆ ಧಸಕ್ಕೆಂದಿತು. ಕಡಿಮೆ ದಾರಿ ಇದೆಯೇ?

ಉತ್ತರ: ಒಂದು ಸುತ್ತಿಗೆ 600 ಡಾಲರ್‌ಗೂ ಹೆಚ್ಚು, ಕ್ಯಾಡಿ (ಚೀಲ ಹೊರುವ ಸಹಾಯಕ) ಖರ್ಚು ಬೇರೆ. ರೆಸಾರ್ಟಿನಲ್ಲಿ ತಂಗುವವರು 18 ತಿಂಗಳು ಮೊದಲೇ ಕಾದಿರಿಸಬಹುದು, ಹೊರಗಿನವರು ಕಾಯಬೇಕಾದದ್ದು ಕೊನೆಯ 24 ಗಂಟೆಗೆ. ಹತ್ತಿರದಲ್ಲೇ ಬೇರೆ ಕಡೆ ರೂಮು ಹಿಡಿದು ಹಿಂದಿನ ದಿನ ಫೋನ್ ಮಾಡಿದರೆ ಒಬ್ಬರಿಗೋ ಇಬ್ಬರಿಗೋ ಸಿಕ್ಕೀತು. ನಾಲ್ವರಿಗೆ ಒಟ್ಟಿಗೆ ಸಿಗುವುದು ಅದೃಷ್ಟ.

ಬದಲಿ ಬೇಕೆಂದರೆ ಪಕ್ಕದ ಪೆಸಿಫಿಕ್ ಗ್ರೋವ್ ನೋಡಿ. ನಗರಾಡಳಿತದ ಮೈದಾನ. ಮೊದಲ ಒಂಬತ್ತು ಹೋಲ್ ಮನೆಗಳ ನಡುವೆ ಸಪ್ಪೆಯಾಗಿ ಸಾಗುತ್ತವೆ. ಕೊನೆಯ ಒಂಬತ್ತು ಮಾತ್ರ ದೀಪಸ್ತಂಭದ ಸುತ್ತ, ಮರಳುದಿಬ್ಬಗಳ ಮೇಲೆ, ಸಮುದ್ರದ ಮಗ್ಗುಲಲ್ಲಿ. ಅವನ್ನು ರೂಪಿಸಿದವರು ಪೆಬಲ್ ಬೀಚ್ ವಿನ್ಯಾಸಕರಲ್ಲಿ ಒಬ್ಬರಾದ ಜ್ಯಾಕ್ ನೆವಿಲ್. ‘ಬಡವರ ಪೆಬಲ್ ಬೀಚ್’ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ.

ಪ್ರಶ್ನೆ: ಬೆತ್‌ಪೇಜ್ ಬ್ಲ್ಯಾಕ್‌ನಲ್ಲಿ ಜನ ಕಾರಿನಲ್ಲೇ ಮಲಗುತ್ತಾರಂತೆ. ನಮ್ಮಂಥ 20 ಹ್ಯಾಂಡಿಕ್ಯಾಪಿನವರು ಹೋಗಬಹುದೇ?

ಉತ್ತರ: ಹೌದು, ಅಂಕಿ ಹಾಕಿದ ಪಾರ್ಕಿಂಗ್ ಜಾಗದಲ್ಲಿ ರಾತ್ರಿ ಕಳೆದರೆ ಬೆಳಗಿನ ಸರದಿಯಲ್ಲಿ ಸ್ಥಾನ. ಶುಲ್ಕ ರಾಜ್ಯದವರಿಗೆ ಒಂದು, ಹೊರಗಿನವರಿಗೆ ಅದಕ್ಕಿಂತ ಹೆಚ್ಚು; ಆದರೂ ಪೆಬಲ್ ಬೀಚಿನ ಮುಂದೆ ಏನೂ ಅಲ್ಲ. ಮೊದಲ ಟೀ (ಹೋಲಿನ ಮೊದಲ ಹೊಡೆತದ ಜಾಗ) ಬಳಿ ಒಂದು ಫಲಕವಿದೆ: ಇದು ವಿಪರೀತ ಕಷ್ಟದ ಮೈದಾನ, ನುರಿತವರಿಗಷ್ಟೇ ಶಿಫಾರಸು ಎಂದು. ಅದು ಅಲಂಕಾರಕ್ಕೆ ಹಾಕಿದ್ದಲ್ಲ. ಗಾಡಿ ಇಲ್ಲ, ನಡೆದೇ ಆಡಬೇಕು. ಫೇರ್‌ವೇ ಆಚೆಯ ಉದ್ದನೆಯ ರಫ್ ಹುಲ್ಲು ಮೊಣಕೈಯ ಬಲ ಹೀರುತ್ತದೆ, ಬಂಕರುಗಳು (ಮರಳುಗುಂಡಿಗಳು) ಆಳ. 20 ಹ್ಯಾಂಡಿಕ್ಯಾಪಿನವರಿಗೆ ನಮ್ಮ ಸಲಹೆ ಅದೇ ಉದ್ಯಾನದ ರೆಡ್ ಕೋರ್ಸ್. ಬ್ಲ್ಯಾಕ್ ಆಡಲೇಬೇಕೆಂದರೆ ಗ್ರೀನಿಗೆ ಹತ್ತಿರವಿರುವ ಮುಂದಿನ ಟೀಗಳಿಂದ ಆಡಿ.

ಟೀ ಆರಿಸಲು ಸುಲಭ ಸೂತ್ರ: ನಿಮ್ಮ 5 ಐರನ್ ಕೋಲಿನ ಹೊಡೆತ ಹೋಗುವ ದೂರವನ್ನು 36ರಿಂದ ಗುಣಿಸಿ. 150 ಗಜ ಹೊಡೆಯುವವರಿಗೆ 5,400 ಗಜದ ಮೈದಾನ ಸಾಕು. ಸ್ಲೋಪ್ ರೇಟಿಂಗ್ (ಸಾಧಾರಣ ಆಟಗಾರನಿಗೆ ಮೈದಾನ ಎಷ್ಟು ಕಷ್ಟ ಎಂಬ ಅಂಕಿ) ಕೂಡ ನೋಡಿ. 113 ಎಂದರೆ ಸಾಮಾನ್ಯ, 155 ಗರಿಷ್ಠ. ಹ್ಯಾಂಡಿಕ್ಯಾಪ್ ಇಂಡೆಕ್ಸನ್ನು ಸ್ಲೋಪ್‌ನಿಂದ ಗುಣಿಸಿ 113ರಿಂದ ಭಾಗಿಸಿ, ಕೋರ್ಸ್ ರೇಟಿಂಗ್‌ನಿಂದ (ನುರಿತ ಆಟಗಾರನಿಗೆ ಬೇಕಾಗುವ ಹೊಡೆತಗಳು) ಪಾರ್ (ಮೈದಾನಕ್ಕೆ ನಿಗದಿಯಾದ ಹೊಡೆತಗಳು) ಕಳೆದು ಬಂದದ್ದನ್ನು ಅದಕ್ಕೆ ಸೇರಿಸಿ. ಇಂಡೆಕ್ಸ್ 18, ಸ್ಲೋಪ್ 140, ರೇಟಿಂಗ್ 73, ಪಾರ್ 72 ಆದರೆ ಅಂದು ನಿಮಗೆ 23 ಸ್ಟ್ರೋಕ್ (ಹೊಡೆತ) ರಿಯಾಯಿತಿ. ಗೆಳೆಯರ ನಡುವೆ ಪಂದ್ಯ ಕಟ್ಟುವುದಿದ್ದರೆ ಈ ಲೆಕ್ಕ ಮೊದಲೇ ಮುಗಿಸಿಕೊಳ್ಳಿ, ಹದಿನೆಂಟನೇ ಗ್ರೀನಿನ ಮೇಲೆ ಜಗಳ ಬೇಡ.

ಪ್ರಶ್ನೆ: ಅಷ್ಟು ದುಡ್ಡು ಕೊಟ್ಟು ಹೋದರೂ ಗ್ರೀನುಗಳು ತೂತುತೂತಾಗಿದ್ದವು ಎಂದು ಪರಿಚಿತರೊಬ್ಬರು ಗೊಣಗುತ್ತಿದ್ದರು. ಏಕೆ ಹಾಗೆ?

ಉತ್ತರ: ಅದು ಏರೇಶನ್. ಕಾಲಡಿ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಇಲ್ಲದಂತಾದಾಗ ಟೊಳ್ಳು ಮೊಳೆಗಳಿಂದ ಬೆರಳು ಗಾತ್ರದ ಮಣ್ಣಿನ ಕಡ್ಡಿಗಳನ್ನು ಕಿತ್ತು, ಮೇಲೆ ಮರಳು ಸುರಿಯುತ್ತಾರೆ. ಹುಲ್ಲಿಗೆ ಇದು ಬೇಕು. ಆದರೆ ಎರಡು ಮೂರು ವಾರ ಪಟ್ ಮಾಡಿದ ಚೆಂಡು ಕುಪ್ಪಳಿಸುತ್ತದೆ, ಆಗ ಶುಲ್ಕ ಇಳಿಸಲೇಬೇಕೆಂಬ ನಿಯಮವೇನೂ ಇಲ್ಲ. ಹೆಚ್ಚಾಗಿ ವಸಂತದಲ್ಲಿ ಮತ್ತು ಬೇಸಿಗೆ ಮುಗಿಯುವ ಹೊತ್ತಿಗೆ ಮಾಡುತ್ತಾರೆ. ಕಾದಿರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು?’ ಅಲ್ಲ, ‘ಏರೇಶನ್ ಯಾವಾಗ?’ ಬರ್ಮುಡಾ ಹುಲ್ಲಿನ ಮೈದಾನವಾದರೆ ಶರತ್ಕಾಲದ ಓವರ್‌ಸೀಡಿಂಗ್ (ಚಳಿಗಾಲಕ್ಕೆಂದು ಬೇರೆ ಹುಲ್ಲಿನ ಬೀಜ ಬಿತ್ತುವುದು) ಬಗ್ಗೆಯೂ ವಿಚಾರಿಸಿ. ಆಗ ಕೆಲವು ಮೈದಾನಗಳು ವಾರಗಟ್ಟಲೆ ಮುಚ್ಚಿರುತ್ತವೆ.

ದೊಡ್ಡ ಟೂರ್ನಿಗಳ ಕ್ಯಾಲೆಂಡರನ್ನೂ ನೋಡಿ. 2027ರಲ್ಲಿ ಪೆಬಲ್ ಬೀಚ್‌ಗೆ ಯು.ಎಸ್. ಓಪನ್, ಸೇಂಟ್ ಆಂಡ್ರೂಸ್‌ಗೆ ದಿ ಓಪನ್. ಆ ಬೇಸಿಗೆ ಈ ಎರಡು ಊರುಗಳಿಗೆ ಹೋಗುವ ಯೋಚನೆ ಬಿಡಿ.

ಪ್ರಶ್ನೆ: ಬ್ಯಾಂಡನ್ ಡ್ಯೂನ್ಸ್‌ನಲ್ಲಿ ಐದು ಮೈದಾನ, ಐದು ದಿನ. ಎಲ್ಲವನ್ನೂ ಮುಗಿಸಬಹುದೇ?

ಉತ್ತರ: ಕಾಲು ಒಪ್ಪಿದರೆ. 1999ರ ಬ್ಯಾಂಡನ್ ಡ್ಯೂನ್ಸ್‌ನಿಂದ 2020ರ ಶೀಪ್ ರ‍್ಯಾಂಚ್‌ವರೆಗೆ ಅಲ್ಲಿ ಎಲ್ಲವೂ ನಡೆದೇ ಆಡುವಂಥವು. ಒಂದು ಸುತ್ತಿಗೆ 8ರಿಂದ 10 ಕಿ.ಮೀ., ಅದೂ ಮರಳುದಿಬ್ಬಗಳ ಏರಿಳಿತದಲ್ಲಿ, ಸಮುದ್ರದ ಗಾಳಿಗೆ ಎದುರಾಗಿ. ಮೂರನೇ ದಿನ ಸಾಮಾನ್ಯವಾಗಿ ಹಿಮ್ಮಡಿ ಬೊಬ್ಬೆ ಏಳುತ್ತದೆ. ಹೊಸ ಶೂ ಹಾಕಿ ಹೊರಡುವುದೇ ಇದಕ್ಕೆ ಕಾರಣ. ಎರಡು ತಿಂಗಳು ಮೊದಲೇ ಹಾಕಿ ಪಳಗಿಸಿ. ಬ್ಯಾಗು ಹಗುರವಿರಲಿ, ಎರಡು ಜೊತೆ ಒಣ ಕಾಲುಚೀಲ ಅದರಲ್ಲಿರಲಿ. ಮೂರನೇ ದಿನ ಒಂದೇ ಸುತ್ತು, ಅದೂ ಮಧ್ಯಾಹ್ನದ ಮೇಲೆ.

ಗಾಳಿಗೆ ಒರಟು ಲೆಕ್ಕ: ಗಂಟೆಗೆ 10 ಮೈಲಿ ಎದುರುಗಾಳಿ ಇದ್ದರೆ ದೂರಕ್ಕೆ ಶೇ. 10 ಸೇರಿಸಿ, ಹಿಂಗಾಳಿಗೆ ಶೇ. 5 ಕಳೆಯಿರಿ. ಗ್ರೀನಿನ ಹೊರಗಿನಿಂದಲೂ ಪಟ್ಟರ್ ಹಿಡಿಯಲು ನಾಚಬೇಡಿ. ಗಟ್ಟಿ ನೆಲದ ಮೇಲೆ ವೆಜ್ (ಚೆಂಡನ್ನು ಮೇಲಕ್ಕೆತ್ತುವ ಕೋಲು) ಪುಟಿದು ಚೆಂಡಿನ ನಡುವಿಗೆ ಬಡಿಯುತ್ತದೆ, ಚೆಂಡು ಗ್ರೀನ್ ದಾಟಿ ಆಚೆ ಹಾರುತ್ತದೆ.

ಪ್ರಶ್ನೆ: ಆಡುವ ಕೋಲುಗಳಾದ ಕ್ಲಬ್ಬುಗಳನ್ನು ಒಯ್ಯಬೇಕೋ, ಅಲ್ಲೇ ಬಾಡಿಗೆಗೆ ಪಡೆಯಬೇಕೋ?

ಉತ್ತರ: ಮೂರು ಸುತ್ತಿಗಿಂತ ಹೆಚ್ಚಿದ್ದರೆ ಒಯ್ಯಿರಿ. ಡ್ರೈವರ್ (ಅತಿ ಉದ್ದದ ಕ್ಲಬ್) ತಲೆ ಬಿಚ್ಚಿ ಕಾಲುಚೀಲದಲ್ಲಿ ಸುತ್ತಿ, ಮೆತ್ತನೆ ಚೀಲವಾದರೆ ಕ್ಲಬ್ಬುಗಳಿಗಿಂತ ಎತ್ತರದ ಗಟ್ಟಿ ಕೋಲೊಂದನ್ನು ನಡುವೆ ನಿಲ್ಲಿಸಿ. ಚೀಲ ತಲೆಕೆಳಗಾಗಿ ಬಿದ್ದರೆ ಏಟು ಕೋಲಿಗೆ ಬೀಳುತ್ತದೆ, ಕ್ಲಬ್ಬಿನ ಶಾಫ್ಟಿಗಲ್ಲ (ದಂಡಕ್ಕಲ್ಲ). ತೂಕ 23 ಕಿಲೋ ದಾಟದಂತೆ ಮನೆಯಲ್ಲೇ ತೂಗಿ. ದಾಟಿದ್ದರೆ ಮೊದಲು ಹೊರಗೆ ತೆಗೆಯಬೇಕಾದದ್ದು ಹೆಚ್ಚುವರಿ ಚೆಂಡುಗಳನ್ನು, ಮಳೆಯಂಗಿಯನ್ನಲ್ಲ.