ಬೇಸ್ ಗಿಟಾರ್ ನುಡಿಸುವಾಗ ಹೆಬ್ಬೆರಳು ಎಲ್ಲಿರಬೇಕು?

ಪ್ರಶ್ನೆ: ಬೇಸ್ ಗಿಟಾರ್ ಕಲಿಯಲು ಶುರು ಮಾಡಿ ಕೆಲವು ತಿಂಗಳಾಯ್ತು. ಸ್ವಲ್ಪ ಹೊತ್ತು ನುಡಿಸಿದರೆ ಸಾಕು, ಎಡಗೈ ಹೆಬ್ಬೆರಳಿನ ಬುಡ ನೋಯುತ್ತದೆ. ಬಲಗೈ ಹೆಬ್ಬೆರಳನ್ನು ಪಿಕಪ್ (ತಂತಿಗಳ ಕೆಳಗಿದ್ದು ಅವುಗಳ ಕಂಪನ ಹಿಡಿಯುವ ಭಾಗ) ಮೇಲೆ ಊರಿ ಮೀಟುತ್ತೇನೆ. ಆದರೆ ನಾಲ್ಕು ತಂತಿಗಳಲ್ಲಿ (ಮೇಲಿನಿಂದ ಇ, ಎ, ಡಿ, ಜಿ) ಜಿ ತಂತಿ ನುಡಿಸಿದಾಗ ಮೇಲಿನ ಇ ತಂತಿಯೂ ಗುಂಯ್ ಅನ್ನುತ್ತದೆ. ಎರಡೂ ಹೆಬ್ಬೆರಳನ್ನು ಹೇಗಿಟ್ಟರೆ ಸರಿ?

ಉತ್ತರ: ಮೊದಲು ನೋವಿನ ವಿಷಯ. ಎಡಗೈ ಹೆಬ್ಬೆರಳು ನೋಯುವುದು ಬಹುತೇಕ ಅದರ ಜಾಗದಿಂದಲ್ಲ, ಒತ್ತಡದಿಂದ. ಒಂದು ಪರೀಕ್ಷೆ ಮಾಡಿ ನೋಡಿ. ಬಲ ಮುಂಗೈಯನ್ನು ಗಿಟಾರಿನ ಮೈಮೇಲೆ ಒರಗಿಸಿ. ಡಿ ತಂತಿಯ 5ನೇ ಫ್ರೆಟ್ (ಲೋಹದ ಕಂಬಿಗಳ ನಡುವಿನ ಮನೆ) ಹಿಡಿದು ಮೀಟಿ, ಎಡ ಹೆಬ್ಬೆರಳನ್ನು ಗಿಟಾರಿನ ಕತ್ತು, ಅಂದರೆ ನೆಕ್‌ನಿಂದ ನಿಧಾನವಾಗಿ ಬಿಡಿಸಿ. ಸ್ವರ ಹಾಗೇ ನಿಲ್ಲುತ್ತದೆ, ಅಲ್ವಾ? ತಂತಿಯನ್ನು ಒತ್ತಲು ತೋಳಿನ ಭಾರವೇ ಸಾಕು. ಬೆರಳು ಫ್ರೆಟ್‌ನ ಕಂಬಿಗೆ ಹತ್ತಿರವಿದ್ದರೆ ಇನ್ನೂ ಕಡಿಮೆ ಬಲ ಸಾಕಾಗುತ್ತದೆ. ಹೆಬ್ಬೆರಳು ಸುಮ್ನೆ ತಾಗಿಕೊಂಡಿರಲಿ.

ಜಾಗ ಎಂದರೆ, ನೆಕ್‌ನ ಹಿಂಬದಿಯ ನಡುಭಾಗ, ಹೆಚ್ಚುಕಡಿಮೆ ನಡುಬೆರಳಿಗೆ ಎದುರು. ಇ ತಂತಿಗೆ ಹೋದಾಗ ಹೆಬ್ಬೆರಳು ಸ್ವಲ್ಪ ಕೆಳಗೆ ಜಾರುತ್ತದೆ, ಜಿಗೆ ಬಂದಾಗ ಮೇಲೇರುತ್ತದೆ. ಅದನ್ನು ತಡೆಯಬೇಡಿ. ಒಂದೇ ಕಡೆ ಅಂಟಿಸಿಕೊಂಡರೆ ಮಣಿಕಟ್ಟು ಮಡಚಿಕೊಳ್ಳುತ್ತದೆ, ನೋವು ಅಲ್ಲಿಂದಲೂ ಶುರುವಾಗುತ್ತದೆ. ಗಿಟಾರ್ ತೀರಾ ಕೆಳಗೆ ನೇತಾಡುತ್ತಿದ್ದರೂ ಹೀಗೇ ಆಗುತ್ತದೆ. ಕೂತಾಗ ಎಷ್ಟು ಎತ್ತರದಲ್ಲಿರುತ್ತದೋ ನಿಂತಾಗಲೂ ಅಷ್ಟೇ ಇರುವಂತೆ ಸ್ಟ್ರ್ಯಾಪ್ ಬಿಗಿ ಮಾಡಿ.

ಇನ್ನೊಂದು ಕಾರಣವೂ ಇದೆ. ಸಾಮಾನ್ಯ ಬೇಸ್‌ನ ಸ್ಕೇಲ್, ಅಂದರೆ ತಂತಿ ಕಂಪಿಸುವ ಉದ್ದ, 34 ಇಂಚು. ಅದರಲ್ಲಿ ಮೊದಲ ಫ್ರೆಟ್ ಒಂದೇ ಸುಮಾರು 48 ಮಿ.ಮೀ. ಅಗಲ. ಫ್ರೆಟ್‌ಗೊಂದು ಬೆರಳು ಎಂದು ಅಲ್ಲಿ ನಾಲ್ಕು ಬೆರಳನ್ನೂ ಚಾಚಿದರೆ ಹೆಬ್ಬೆರಳಿನ ಬುಡ ಹರಿದಂತಾಗುತ್ತದೆ. ಡಬಲ್ ಬೇಸ್ (ನೆಟ್ಟಗೆ ನಿಲ್ಲಿಸಿ ನುಡಿಸುವ, ದೊಡ್ಡ ಪಿಟೀಲಿನಂಥ ವಾದ್ಯ) ನುಡಿಸುವವರ ಪದ್ಧತಿ ಹಿಡಿಯಿರಿ: 5ನೇ ಫ್ರೆಟ್‌ವರೆಗೆ ತೋರು, ನಡು, ಕಿರುಬೆರಳಿನಲ್ಲಿ ಮೂರೇ ಫ್ರೆಟ್. ನಾಲ್ಕನೆಯದು ಬೇಕಾದರೆ ಹೆಬ್ಬೆರಳೂ ಸೇರಿ ಇಡೀ ಕೈ ಸರಿಯಲಿ. ಇಷ್ಟು ಮಾಡಿಯೂ ನೋವು ಹೋಗದಿದ್ದರೆ, ಅಥವಾ ಬೆರಳು ಜೋಮು ಹಿಡಿದರೆ, ನುಡಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಸಹಿಸಿಕೊಂಡು ಅಭ್ಯಾಸ ಮಾಡುವುದು ಖಂಡಿತ ಬೇಡ.

ಈಗ ಬಲಗೈ. 1951ರಲ್ಲಿ ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ತಂದಾಗ ಜಿ ತಂತಿಯ ಕೆಳಗೆ ಒಂದು ಪಟ್ಟಿ ಇತ್ತು. ಬೆರಳುಗಳನ್ನು ಅದಕ್ಕೆ ಕೊಟ್ಟು ಹೆಬ್ಬೆರಳಿನಿಂದಲೇ ಮೀಟುತ್ತಾರೆ ಎಂಬುದು ಆಗಿನ ಲೆಕ್ಕ. ಜನ ಬೆರಳಿನಿಂದ ಮೀಟತೊಡಗಿದರು. 70ರ ದಶಕದಲ್ಲಿ ಪಟ್ಟಿ ಇ ತಂತಿಯ ಕಡೆಗೆ ಬಂತು, ಹೆಬ್ಬೆರಳು ಊರಲು. ಹಾಗಾಗಿ ಇಲ್ಲೇ ಇಡಬೇಕು ಎಂಬ ಶಾಸ್ತ್ರವೇನಿಲ್ಲ.

ಇ ಮತ್ತು ಎ ತಂತಿ ನುಡಿಸುವಾಗ ಪಿಕಪ್ ಮೇಲೆ ಹೆಬ್ಬೆರಳಿಟ್ಟರೆ ಚೆನ್ನ. ಆದರೆ ಜಿಗೆ ಬಂದಾಗಲೂ ಅಲ್ಲೇ ಇದ್ದರೆ ಕೈ ಚಾಚಬೇಕು, ಇ ತಂತಿಗೂ ಕಾವಲಿರುವುದಿಲ್ಲ. ಜಿ ತಂತಿಯ 4ನೇ ಫ್ರೆಟ್ ಮೀಟಿ ತಕ್ಷಣ ಅದನ್ನು ನಿಲ್ಲಿಸಿ, ಕಿವಿಗೊಡಿ. ಇ ತಂತಿ ಇನ್ನೂ ಹಾಡುತ್ತಿರುತ್ತದೆ. ನೀವು ಮೀಟಿದ ಸ್ವರ ಸುಮಾರು 123 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಇ ತಂತಿಯ 41 ಹರ್ಟ್ಸ್‌ನ ಮೂರು ಪಟ್ಟು. ಹಾಗಾಗಿ ನೀವು ಮುಟ್ಟದಿದ್ದರೂ ಇ ತಂತಿ ಕಂಪಿಸುತ್ತದೆ.

ಪರಿಹಾರ ಸುಲಭ, ಹೆಬ್ಬೆರಳೂ ಜೊತೆಗೆ ಇಳಿಯಲಿ. ಡಿ ನುಡಿಸುವಾಗ ಅದು ಇ ತಂತಿಯ ಮೇಲೆ. ಜಿ ನುಡಿಸುವಾಗ ತುದಿ ಎ ತಂತಿಯ ಮೇಲೆ, ಪಕ್ಕ ಇ ತಂತಿಗೆ ಒರಗಿಕೊಂಡು. ಜಿ ಮೀಟಿದ ಬೆರಳು ಡಿ ಮೇಲೆ ಬಂದು ಕೂರುತ್ತದೆ, ಅಲ್ಲಿಗೆ ಮೂರೂ ತಂತಿ ಮೌನ. ಐದು ತಂತಿಯ ಬೇಸ್‌ಗೆ ಹೋದರೆ ಈ ಅಭ್ಯಾಸ ಬೇಕೇಬೇಕು. ಈಗಿನಿಂದಲೇ ಮೆಟ್ರೊನೋಮ್ (ಲಯ ತೋರಿಸುವ ಸಾಧನ) ನಿಮಿಷಕ್ಕೆ 60 ಬಡಿತಕ್ಕಿಟ್ಟು ಬರೀ ಖಾಲಿ ತಂತಿಗಳನ್ನು ಇಯಿಂದ ಜಿಗೆ, ಜಿಯಿಂದ ಇಗೆ ಮೀಟಿ. ವಾಪಸ್ ಬರುವಾಗ ಹೆಬ್ಬೆರಳು ಹಿಂದೆ ಬೀಳುತ್ತದೆ. ಜಾಸ್ತಿ ಹೊತ್ತು ಅದಕ್ಕೇ ಕೊಡಿ.