ಒಂದೇ ಜೋಡಿ ಇದ್ರೂ ಟ್ರಾನ್ಸಿಟಿವ್ ಹೇಗೆ?

ಪ್ರಶ್ನೆ: ಸರ್, ರಿಲೇಶನ್ (ಅಂದ್ರೆ ಜೋಡಿಗಳ ಗಣ) ಟ್ರಾನ್ಸಿಟಿವ್ ಹೌದೋ ಅಲ್ವೋ ನೋಡೋಕೆ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದೆ. (1,2) ಒಂದನ್ನೇ ಕೊಟ್ಟರೂ ‘ಹೌದು’ ಅನ್ನುತ್ತದೆ. (1,2), (2,1) ಕೊಟ್ಟರೂ ‘ಹೌದು’. ತಪ್ಪು ಎಲ್ಲಿದೆ?
– ಡಿಗ್ರಿ ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಮೊದಲನೆಯದು ಸರಿಯೇ ಇದೆ, ಅದನ್ನು ಮುಟ್ಟಬೇಡಿ. (ಅ,ಬ), (ಬ,ಕ) ಎರಡೂ ಇದ್ದರೆ ಮಾತ್ರ (ಅ,ಕ) ಇರಬೇಕು ಅನ್ನೋದು ಟ್ರಾನ್ಸಿಟಿವ್ ನಿಯಮ. 2ರಿಂದ ಮುಂದಕ್ಕೆ ಜೋಡಿಯೇ ಇಲ್ಲದ ಮೇಲೆ ನಿಯಮ ಮುರಿಯೋದು ಎಲ್ಲಿಂದ?

ಎರಡನೆಯದು ತಪ್ಪು. ಮಡಿಕೇರಿಯಿಂದ ನಿಮ್ಮೂರಿಗೆ ಬಂದು ವಾಪಸ್ ಬಸ್ ಹತ್ತಿದರೆ ಸೇರೋದು ಮಡಿಕೇರಿಗೇ ಅಲ್ವಾ? ಹಾಗೇ ಇಲ್ಲಿ (1,1) ಬೇಕು, (2,2) ಕೂಡ ಬೇಕು. ಅ, ಬ, ಕ ಮೂರೂ ಬೇರೆ ಬೇರೆ ಇರಬೇಕು ಅಂತ ನೀವು ಬಹುಶಃ ಒಂದು ‘ಇಫ್’ ಹಾಕಿದ್ದೀರಿ. ತೆಗೆದುಬಿಡಿ. (ಮಳೆಗಾಲ, ಕರೆಂಟ್ ಹೋಗೋ ಮುಂಚೆ ಸೇವ್ ಮಾಡಿ.)

ಜೋಡಿಗಳನ್ನು ಲಿಸ್ಟ್ ಬದಲು ಸೆಟ್‌ನಲ್ಲಿಡಿ, ಹುಡುಕಾಟ ಬೇಗ ಮುಗಿಯುತ್ತದೆ. ಸಿಮೆಟ್ರಿಕ್ ((ಅ,ಬ) ಇದ್ದರೆ (ಬ,ಅ) ಕೂಡ ಇರಬೇಕು) ಹೌದೋ ಅಂತ ನೋಡೋದು ಸುಲಭ, ಒಂದೇ ಸಾಲಿನ ಕೆಲಸ. ರಿಫ್ಲೆಕ್ಸಿವ್‌ಗೆ (ಮೂಲ ಗಣದ ಪ್ರತಿ ಅ-ಗೂ (ಅ,ಅ) ಇರಬೇಕು) ಮಾತ್ರ ಆ ಮೂಲ ಗಣವನ್ನು ಬೇರೆಯಾಗಿ ಕೊಡಲೇಬೇಕು, ಸುಮ್ನೆ ಜೋಡಿಗಳಿಂದಲೇ ಅದನ್ನು ಕಟ್ಟಿಕೊಂಡರೆ ಯಾವ ಜೋಡಿಯಲ್ಲೂ ಇಲ್ಲದ 3 ಲೆಕ್ಕಕ್ಕೇ ಬರೋದಿಲ್ಲ, (3,3) ಇಲ್ಲ ಅನ್ನೋದೂ ಪ್ರೋಗ್ರಾಂಗೆ ಗೊತ್ತಾಗೋದಿಲ್ಲ.